ನೀಲಿ ಚುಕ್ಕೆಗಳ ಹೊಳೆ

ಅಕ್ಕನಿಗೆ ಕಳಿಸುವ ಬಾಟಲಿಗೆ ಅವಳು ಕೈಯಾರೆ ವಿಷ ಬೆರೆಸಿದಳು. ಕೆಲವೇ ಹನಿ. ಘಾಟು ಮೂಗಿಗೆ ಅಡರಿತು. ಕಂದು ಗಾಜಿನ ಬಾಟಲಿಯ ಮುಚ್ಚಳ ಬಿಗಿದು, ಐಸ್ ಪೆಟ್ಟಿಗೆಯಲ್ಲಿ ಉಳಿದ ಬಾಟಲಿಗಳ ನಡುವೆ ನಿಲ್ಲಿಸಿದಳು. ಚೀಟಿಯ ಮೇಲೆ ಬರೆದಳು: ಪಡುವಣ ಹೊಳೆ, ಸೇತುವೆಯ ಕೆಳಗೆ.

 

ಹೊಳೆಯ ನೀರು ತುಂಬಿ ತರುವುದು, ನಕ್ಷೆ ಬರೆಯುವುದು ಅವಳ ಕೆಲಸ. ಪ್ರಯೋಗಾಲಯದಲ್ಲಿ ಆ ನೀರನ್ನು ಯಂತ್ರಕ್ಕೆ ಹಾಕಿ, ಕೀಟನಾಶಕ ಇದೆಯೋ ಇಲ್ಲವೋ ಹೇಳುವುದು ಅಕ್ಕನ ಕೆಲಸ. ಇದ್ದಲ್ಲಿ ಕೆಂಪು ಚುಕ್ಕೆ, ಇಲ್ಲದಲ್ಲಿ ನೀಲಿ. ಮೂಡಣ ಹೊಳೆಗೆ ದಡಾರ ಎದ್ದಂತೆ ಮೈತುಂಬ ಕೆಂಪು. ಪಡುವಣ ಹೊಳೆ ಮಾತ್ರ ಹುಟ್ಟಿದಲ್ಲಿಂದ ಕೊನೆಯವರೆಗೂ ನೀಲಿ.

ಎರಡೂ ಹೊಳೆಗಳ ದಂಡೆಯಲ್ಲಿ ಅದೇ ಕೋಸು, ಅದೇ ಬದನೆ. ಬೆನ್ನಿಗೆ ಡಬ್ಬ ಕಟ್ಟಿಕೊಂಡು ಸಿಂಪಡಿಸುವ ಅದೇ ಬಿಳಿ ಮಂಜು. ಅವಳಿಗೆ ಕಂಡ ವ್ಯತ್ಯಾಸ ಒಂದೇ. ಪಡುವಣ ಹೊಳೆಯ ದಂಡೆಯ ಬಹುಪಾಲು ಹೊಲ ಅಕ್ಕನ ಗಂಡನದು, ಅವನ ಅಣ್ಣತಮ್ಮಂದಿರದು.

ನಕ್ಷೆಗೆ ಅವಳು ಸಹಿ ಹಾಕಿದರೆ ಪಟ್ಟಣದ ಕುಡಿಯುವ ನೀರಿನ ಹೊಸ ಕೊಳವೆ ಪಡುವಣ ಹೊಳೆಗೆ ಬೀಳುತ್ತದೆ. ಆ ನೀಲಿ ಸುಳ್ಳಾದರೆ ಊರಿನ ಮಕ್ಕಳೆಲ್ಲ ಆ ಸುಳ್ಳನ್ನೇ ಕುಡಿಯುತ್ತಾರೆ.

ಹಿಂದಿನ ವಾರ ಅಕ್ಕನ ಮನೆಗೆ ಊಟಕ್ಕೆ ಹೋದಾಗ ಭಾವ ಹುಳದ ಕಾಟದ ಬಗ್ಗೆಯೇ ಮಾತಾಡಿದ್ದ. "ಎರಡೆರಡು ಸಲ ಹೊಡೆದೆ ಕಣಮ್ಮ. ಈಗಿನ ಹುಳಕ್ಕೆ ಔಷಧಿ ಅಂದ್ರೆ ಟಾನಿಕ್ ಆಗ್ಬಿಟ್ಟಿದೆ. ನನ್ನ ನೋಡಿ ನಗ್ತವೆ." ಎಲ್ಲರೂ ನಕ್ಕರು. ಎರಡೆರಡು ಸಲ ಹೊಡೆದ ಮೇಲೂ ಹೊಳೆ ನೀಲಿಯೇ ಎಂದುಕೊಂಡು ಅವಳು ಅಕ್ಕನ ಮುಖ ನೋಡಿದಳು. ಅಕ್ಕ ನೀರು ತರಲು ಎದ್ದು ಹೋದಳು.

ಅಮ್ಮ ತೀರಿಕೊಂಡ ಮೇಲೆ ಅವಳ ತಲೆ ಬಾಚಿ ಬೆಳೆಸಿದ ಅಕ್ಕ. ಪರೀಕ್ಷೆಯಲ್ಲಿ ಪಕ್ಕದವಳದನ್ನು ನೋಡಿ ಬರೆದೆ ಎಂದು ತಾನು ಒಪ್ಪಿಕೊಂಡಾಗ, ಹೋಗಿ ಟೀಚರ ಹತ್ತಿರ ಹೇಳು ಎಂದು ಶಾಲೆಯ ಬಾಗಿಲವರೆಗೆ ಕೈಹಿಡಿದು ಕರೆದೊಯ್ದ ಅಕ್ಕ. ಅಂಥವಳೇ ಹೀಗೆ ಮಾಡಿದರೆ ಇನ್ನು ಯಾರನ್ನು ನಂಬುವುದು?

ಗಂಡನಿಗೆ ಮಾತ್ರ ಮನಸ್ಸು ಬಿಚ್ಚಿ ಹೇಳಿದ್ದಳು. ಸೇತುವೆಯ ಬದಿಯಲ್ಲಿ ಅವನದು ಬೆಳೆಗೆ ಹೊಡೆಯುವ ಔಷಧಿಯ ಅಂಗಡಿ. ಮೂಡಣದವರಿಗೆ ಪಕ್ಕದ ಪೇಟೆ ಹತ್ತಿರ. ಪಡುವಣದವರೆಲ್ಲ ಅವನ ಗಿರಾಕಿಗಳು. ಡಬ್ಬಿಯ ಮುಚ್ಚಳ ತೆಗೆದು, ಮೂಸಿ, ಘಾಟು ಮೂಗು ಹೊಕ್ಕ ಮೇಲೆಯೇ ತಲೆಯಾಡಿಸಿ ಕೊಳ್ಳುವವರು. ಅವನು ನಿಧಾನವಾಗಿ ಹೇಳಿದ, "ಅಲ್ಲ ಕಣೇ, ಹೊಳೆ ಚೆನ್ನಾಗಿದೆ ಅಂದ್ರೆ ಖುಷಿಪಡೋದು ಬಿಟ್ಟು ಅಕ್ಕನ ಮೇಲೆ ಅನುಮಾನ ಪಡ್ತೀಯಲ್ಲ. ಬಿಟ್ಬಿಡು." ಒಡಹುಟ್ಟಿದವರನ್ನು ಒಡೆಯಲು ಇಷ್ಟಪಡದ ಗಂಡ. ಅವಳಿಗೆ ಅವನ ಮೇಲೆ ಅಭಿಮಾನವೆನಿಸಿತು.

ಬಿಡಲಿಲ್ಲ. ಪರೀಕ್ಷಿಸುವವರನ್ನೇ ಪರೀಕ್ಷಿಸುವ ಕ್ರಮ ಅವರ ಕೆಲಸದಲ್ಲಿ ಉಂಟು. ಬೇಕೆಂದೇ ವಿಷ ಸೇರಿಸಿದ ಒಂದು ಬಾಟಲಿಯನ್ನು ಹೇಳದೆ ಕಳಿಸುವುದು. ಅದಕ್ಕೆ ಆ ದಂಡೆಯವರು ಹೊಡೆಯುವ ಔಷಧಿಯೇ ಬೇಕಿತ್ತು. ಹಿತ್ತಲ ಗಿಡಕ್ಕೆ ಎಂದು ಸುಳ್ಳು ಹೇಳಿ ಗಂಡನನ್ನು ಕೇಳಿದಳು. "ಇದು ನಿನ್ನ ಕೈಗೆ ಬೇಡ" ಎಂದು ಅವನು ಕೊಡಲೇ ಇಲ್ಲ. ಎಷ್ಟು ಕಾಳಜಿ ಎಂದುಕೊಂಡಳು. ಅವನು ಊಟಕ್ಕೆ ಎದ್ದಾಗ ಅಂಗಡಿಯ ಕಪಾಟಿನಿಂದ ತಾನೇ ಒಂದು ಡಬ್ಬಿ ತೆಗೆದುಕೊಂಡಳು.

ಆ ಬಾಟಲಿಯ ಫಲಿತಾಂಶ ಬಂತು. ಪತ್ತೆಯಾಗಿಲ್ಲ. ಕೆಳಗೆ ಅಕ್ಕನ ಸಹಿ.

ಕಚೇರಿಯ ಹಿಂದಿನ ಮೆಟ್ಟಿಲ ಮೇಲೆ ಬಹಳ ಹೊತ್ತು ಕುಳಿತಳು. ಅಳು ಬರಲಿಲ್ಲ. ಒಳಗೆ ಏನೋ ಒಣಗಿ ಬಿರುಕು ಬಿಟ್ಟಂತಿತ್ತು. ಆಮೇಲೆ ಎದ್ದು ಮೇಲಧಿಕಾರಿಯ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅಂದೇ ಅಕ್ಕನನ್ನು ಯಂತ್ರದಿಂದ ದೂರ ಕೂರಿಸಿದರು. ಸಹೋದ್ಯೋಗಿಗಳು ತಂಗಿಯನ್ನು ಕಂಡರೆ ಮಾತು ನಿಲ್ಲಿಸತೊಡಗಿದರು. ಸಂಜೆ ಸುದ್ದಿ ಕೇಳಿ ಗಂಡನ ಮುಖ ಬಿಳಚಿಕೊಂಡಿತು. ಅಷ್ಟು ದೂರ ಹೋಗಬೇಕಿತ್ತೇ ಎಂದಷ್ಟೇ ಕೇಳಿ, ಅರ್ಧ ಊಟಕ್ಕೇ ಕೈ ತೊಳೆದ. ತನಗಿಂತ ಇವನಿಗೇ ಹೆಚ್ಚು ನೋವಾಗಿದೆ ಎಂದುಕೊಂಡಳು.

ಎರಡು ವಾರದ ನಂತರ, ಅವನು ಅಂಗಡಿಗೆ ಹೋದ ಹೊತ್ತಿಗೆ ಅಕ್ಕ ಬಂದಳು. ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಬೈಗುಳಕ್ಕೆ ತಂಗಿ ಸಿದ್ಧಳಾಗಿದ್ದಳು.

"ನನ್ನನ್ನ ಒಂದು ಮಾತು ಕೇಳಬಹುದಿತ್ತು," ಎಂದಳು ಅಕ್ಕ.

"ಕೇಳಿದ್ರೆ ನಿಜ ಹೇಳ್ತಿದ್ದೆಯಾ?"

ಅಧಿಕಾರಿ ಅದೇ ಬಾಟಲಿಯ ನೀರನ್ನು ಬೇರೊಂದು ಪ್ರಯೋಗಾಲಯಕ್ಕೆ ಕಳಿಸಿದ್ದರೆಂದೂ, ಅಲ್ಲಿಯೂ ಏನೂ ಸಿಗಲಿಲ್ಲವೆಂದೂ ಅಕ್ಕ ಹೇಳಿದಳು.

"ಅವರೂ ಭಾವನ ನೆಂಟರೇನು?"

ಅಕ್ಕ ನಗಲಿಲ್ಲ. ತನ್ನ ಗಂಡನ ಹೊಲದ ಶೆಡ್ಡಿನಿಂದ ಸೀಲು ಒಡೆಯದ ಒಂದು ಡಬ್ಬಿಯನ್ನು ತಾನೇ ಒಯ್ದು ಅಧಿಕಾರಿಗೆ ಕೊಟ್ಟೆ ಎಂದಳು. ಅದನ್ನು ಯಂತ್ರಕ್ಕೆ ಹಾಕಿ ನೋಡಿದ್ದಾರೆ. ಬಣ್ಣ ಇದೆ, ಘಾಟು ಇದೆ. ಅಷ್ಟು ಹೇಳಿ ಹತ್ತಿರ ಬಂದು, ತಂಗಿ ಬೀಳದಂತೆ ಹಿಡಿಯುವವಳ ಹಾಗೆ ಅವಳ ಎರಡೂ ತೋಳು ಹಿಡಿದುಕೊಂಡಳು.

"ಹೊಳೆಗೆ ವಿಷ ಎಲ್ಲಿಂದ ಬರಬೇಕು ಹೇಳು, ನಿನ್ನ ಗಂಡ ಮಾರೋ ಡಬ್ಬಿಯಲ್ಲೇ ಅದು ಇಲ್ಲ."