ಸರಿಯಾಗಿ ಕೂಗಿದ ಹೆಸರು

ಒದ್ದೆ ಚರ್ಮ, ನೋವಿನ ಮುಲಾಮು. ಚಿಕ್ಕಂದಿನಲ್ಲಿ ಅಪ್ಪ ಬಾಕ್ಸಿಂಗ್ ಮುಗಿಸಿ ಮನೆಗೆ ಬಂದರೆ ಅವನಿಗಿಂತ ಮೊದಲು ಈ ವಾಸನೆ ಒಳಗೆ ಬರುತ್ತಿತ್ತು. ಅಡುಗೆಮನೆಯಲ್ಲಿ ಅಮ್ಮನ ಪಾತ್ರೆಗಳ ಸದ್ದು ತಟ್ಟನೆ ನಿಲ್ಲುತ್ತಿತ್ತು. ಈಗ ಅದೇ ವಾಸನೆ ಅಣ್ಣ ಕೂತಿದ್ದ ಕೋಣೆಯಿಂದ ಬರುತ್ತಿತ್ತು. ಪಂದ್ಯದ ಘೋಷಕಿಯಾಗಿದ್ದ ತಂಗಿ ಊಟದ ಡಬ್ಬಿಯನ್ನು ಎದೆಗೊತ್ತಿಕೊಂಡು ಒಳಗೆ ಹೋದಳು.

"ಆ ರಷ್ಯನ್ ಹೆಸರು ಹೇಗೆ ಕೂಗ್ತೀಯಮ್ಮ, ಹೇಳು ನೋಡೋಣ," ಎಂದ ಕೋಚ್, ಅಣ್ಣನ ಬಲಗೈಗೆ ಪಟ್ಟಿ ಸುತ್ತುತ್ತ.

"ಶೆವೆಲೆವ್."

"ಹಾಂ, ಹಾಗೇ. ಇಂಗ್ಲಿಷಲ್ಲಿ ಬರೆದ ಹಾಗೇ ಓದಿಬಿಡು. ಇನ್ನೂ ಸ್ವಲ್ಪ ಕೆಡಿಸಿದ್ರೂ ಸಂತೋಷ."

ಎದುರಾಳಿಯ ಹುಳುಕು ಕೋಚ್‌ಗೆ ಗೊತ್ತಿತ್ತು. ಹೋದಲ್ಲೆಲ್ಲ ಇಂಗ್ಲಿಷ್ ಘೋಷಕರು ಅವನ ಮನೆತನದ ಹೆಸರನ್ನು ಸೊಟ್ಟಗೆ ಕೂಗುತ್ತಿದ್ದರು. ಜನ ನಗುತ್ತಿದ್ದರು. ಅವನು ರೊಚ್ಚಿಗೆದ್ದು, ಎದೆ ತೆರೆದು ನುಗ್ಗಿ, ಪೆಟ್ಟು ತಿಂದು ಬೀಳುತ್ತಿದ್ದ. ಹೆಸರು ನೆಟ್ಟಗೆ ಕೇಳಿಸಿದ ದಿನ ಮಾತ್ರ ತಣ್ಣಗೆ ಹಣೆ ತಗ್ಗಿಸಿ ಕಾಯುತ್ತಿದ್ದ. ಆ ಬಂಡೆಗೆ ಗುದ್ದಿದವರ ಕೈಮೂಳೆ ಪುಡಿಪುಡಿ.

"ಇವತ್ತು ನನ್ನ ಕೈ ನಿನ್ನ ನಾಲಿಗೆ ಮೇಲಿದೆ ಕಣೇ," ಎಂದ ಅಣ್ಣ.

"ಗೊತ್ತಣ್ಣ."

ಮೂಲೆಯಲ್ಲಿ ಅತ್ತಿಗೆ ಕೂತಿದ್ದಳು. ಒಳಗೂ ಕಪ್ಪು ಕನ್ನಡಕ, ಕೆನ್ನೆ ಮುಚ್ಚುವಂತೆ ಶಾಲು. ಗಂಡನ ಪಂದ್ಯದ ದಿನ ಯಾವ ಹೆಂಡತಿಗೆ ಮಾತು ಹೊರಟೀತು?

"ಡಬ್ಬೀಲಿ ಏನಿದೆ?" ಎಂದ ಅಣ್ಣ.

"ಹಿಸುಕಿದ ಆಲೂಗಡ್ಡೆ, ಸೂಪು. ಅಗಿಯೋ ಕಷ್ಟ ಇಲ್ಲ."

"ನೋಡಿದ್ರಾ ಕೋಚ್? ಪಂದ್ಯಕ್ಕೆ ಮೊದಲೇ ನನ್ನ ಹಲ್ಲು ಉದುರಿಸಿಬಿಟ್ಟಳು!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಅತ್ತಿಗೆ ನಗಲಿಲ್ಲ.

ಘೋಷಕಿ ಎದುರಿನ ಕೋಣೆಗೆ ಹೋದಳು. ಕೆಡಿಸಲಿಕ್ಕಾದರೂ ಸರಿ ಯಾವುದೆಂದು ತಿಳಿದಿರಬೇಕಲ್ಲ. "ನಿಮ್ಮ ಹೆಸರು ನೀವೇ ಹೇಳಿ," ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿದಳು. ರಷ್ಯನ್ ತಲೆಯೆತ್ತಿದ. ಇದುವರೆಗೆ ಯಾರೂ ಕೇಳಿರಲಿಲ್ಲವೇನೋ. ಕುರ್ಚಿಯನ್ನು ತನ್ನ ಟವೆಲಿನಿಂದ ಒರೆಸಿ ಅವಳ ಕಡೆ ಸರಿಸಿದ.

"ಶಿವಿಲ್ಯೋಫ್." ಭಾರವೆಲ್ಲ ಕೊನೆಯಲ್ಲಿ. ಅಲ್ಲಿ ಗದ್ದ ಕುಣಿಸಿ ತಾಳ ಹಾಕಿದ. ತಮ್ಮ ಲಿಪಿಯಲ್ಲಿ 'ಯೋ' ಅಕ್ಷರದ ಮೇಲಿರುವ ಎರಡು ಚುಕ್ಕೆಗಳನ್ನು ಇಂಗ್ಲಿಷ್ ನುಂಗಿಬಿಟ್ಟಿತೆಂದ. ತಾಯಿಯ ಹೆಸರಾದರೆ ಶಿವಿಲ್ಯೋವಾ; ಹೆಂಗಸರಿಗೆ ಹೆಸರಿನ ಬಾಲ ಬೇರೆ. ಅವಳ ನಾಲಿಗೆ ತಿರುಗುವವರೆಗೂ ಬೇಸರಿಸದೆ ಹೇಳಿಕೊಟ್ಟ.

ಅವಳು ಮೈಕು ಹಿಡಿದಳು. ಸಭಾಂಗಣ ನಗಲು ಸಿದ್ಧವಾಗಿತ್ತು.

"ಶಿವಿಲ್ಯೋಫ್!"

ಬಾಯಿ ತಪ್ಪಿತೆಂಬಂತೆ ತುಟಿ ಮುಚ್ಚಿಕೊಂಡಳು. ಕೋಚ್ ಹಣೆ ಚಚ್ಚಿಕೊಂಡ. ರಷ್ಯನ್ ಅವಳ ಕಡೆ ತಿರುಗಿ, ಒಮ್ಮೆ ತಲೆಬಾಗಿ, ಗಂಟೆ ಮೊಳಗುತ್ತಲೇ ಹಣೆ ತಗ್ಗಿಸಿ ನಿಂತ.

ಅಣ್ಣ ನುಗ್ಗಿದ. ಹುಬ್ಬು ಸೀಳಿತು. ಮತ್ತೆ ನುಗ್ಗಿದ. ಮೂಗು ಒಡೆದು ರಕ್ತ ಮುಂದಿನ ಸಾಲಿನವರ ಅಂಗಿಗೆ ಸಿಡಿಯಿತು. ಕಣ್ಣು ಕಾಣದೆ, ಇದ್ದಬದ್ದ ಬಲವನ್ನೆಲ್ಲ ಬಲಗೈಗೆ ತಂದು ಬೀಸಿದ. ಮುಷ್ಟಿ ಆ ಹಣೆಗೆ ಬಡಿಯಿತು. ಒಣ ಕಟ್ಟಿಗೆ ಮುರಿದ ಸದ್ದು. ನೋವಿಗೆ ಬಾಗಿದವನ ಪಕ್ಕೆಗೆ ಒಂದು ಪೆಟ್ಟು ಬಿತ್ತು. ಅವನು ಮೇಲೇಳಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ಹಿಡಿದು ನಿಟ್ಟುಸಿರಿಟ್ಟರು. "ಜೀವಕ್ಕೇನೂ ತೊಂದರೆ ಇಲ್ಲಮ್ಮ. ಆದ್ರೆ ಈ ಕೈ ಇನ್ನು ಮುಷ್ಟಿ ಕಟ್ಟಲ್ಲ."

"ಯಾವತ್ತೂ ಇಲ್ವಾ ಡಾಕ್ಟ್ರೇ?" ಘೋಷಕಿಯ ಧ್ವನಿ ಒಡೆಯಿತು.

"ಇಲ್ಲ."

"ಖಂಡಿತಾನಾ?"

"ಖಂಡಿತ. ಧೈರ್ಯ ತಂದ್ಕೊಳ್ಳಿ."

ಅವಳು ಕಣ್ಣೊರೆಸಿಕೊಂಡು ಡಬ್ಬಿ ಬಿಚ್ಚಿದಳು. ಅಣ್ಣ ಎಡಗೈ ಚಾಚಿದ.

ಅವಳು ಡಬ್ಬಿಯನ್ನು ಆ ಕೈಯ ಮೇಲಿಂದಲೇ ದಾಟಿಸಿ, ವಾರದಿಂದ ದವಡೆ ಆಡಿಸಲಾಗದೆ ಹಸಿದು, ಮಂಚದಾಚೆ ಕೂತಿದ್ದ ಅತ್ತಿಗೆಯ ಮಡಿಲಲ್ಲಿ ಇಟ್ಟು, ಮೆಲ್ಲಗೆ ಅವಳ ಕಪ್ಪು ಕನ್ನಡಕ ತೆಗೆದಳು.