ಗಾಡಿ ಯಾಕೆ ಹೊರಡಲಿಲ್ಲ

ಪ್ಲಾಟ್‌ಫಾರ್ಮಿನಲ್ಲಿ ಪೋರ್ಟರನ ಕೈಯಲ್ಲಿದ್ದ ಬೆತ್ತದ ಬಳೆಯನ್ನು ಪ್ರಸಾದ ತೆಗೆದುಕೊಳ್ಳುವವನ ಹಾಗೆ ಕಮಲಾಕ್ಷ ಎರಡೂ ಕೈ ಒಡ್ಡಿ ಇಸಿದುಕೊಂಡ. ಹೂವಿನ ಹಾರದಷ್ಟು ದೊಡ್ಡ ಬಳೆ. ಅದಕ್ಕೆ ಕಟ್ಟಿದ ತೊಗಲಿನ ಚೀಲದೊಳಗೆ ಟೋಕನ್ನಿನ ಲೋಹದ ಗುಂಡು.

"ನೋಡಿ ಕೊಡಿ ಸಾರೇ, ಎಂಜಿನಿಗೆ ಮುಟ್ಟಿಸಬೇಕು," ಎಂದ ಪೋರ್ಟರ್. ಅಷ್ಟರಲ್ಲಿ ಪಾರ್ಸೆಲ್ ಇಳಿಸಲು ಗಾರ್ಡು ಹಿಂದಿನಿಂದ ಕೂಗಿದ.

"ನೀನು ಹೋಗು ಚೇಟ್ಟಾ, ನಾನೇ ಕೊಡ್ತೇನೆ." ಕಮಲಾಕ್ಷ ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರಿನಲ್ಲಿ ಕಸ್ಟಮ್ಸ್ ಗುಮಾಸ್ತ. ರೈಲಿನ ವಿಷಯ ಯಾರೂ ಕೇಳದಿದ್ದರೂ ಹೇಳುವುದು ಅವನ ಚಟ. ಕೊಟ್ಟಾಯಂ ದಾಟಿ ಹೊಸ ಹಳಿ ಬಿದ್ದ ಮೇಲೆ ಅದು ಇನ್ನೂ ಜೋರಾಗಿತ್ತು.

ಗಾಡಿಯ ಕಿಟಕಿಯೊಳಗೆ ಅವನ ಹೆಂಡತಿ ಚಂದ್ರಾವತಿ ಸರ್ಟಿಫಿಕೇಟುಗಳ ಲಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮೂರು ಗಂಟೆಗೆ ಶ್ರೀಕಾರ್ಯಂನ ಹೈಸ್ಕೂಲೊಂದರಲ್ಲಿ ಟೀಚರ್ ಕೆಲಸದ ಸಂದರ್ಶನ. ಮುಂದಿನ ತಿಂಗಳಿಗೆ ಅವಳ ವಯಸ್ಸಿನ ಮಿತಿ ಮುಗಿಯುತ್ತಿತ್ತು.

"ಇದು ನೋಡು. ಒಂಟಿ ಹಳಿ. ಇದು ಕೈಗೆ ಸಿಗದೆ ಡ್ರೈವರ್ ಒಂದಡಿ ಮುಂದೆ ಹೋಗುವ ಹಾಗಿಲ್ಲ. ದಿಲ್ಲಿಯಿಂದ ಮಂತ್ರಿ ಬಂದು ಹೇಳಿದ್ರೂ ಇಲ್ಲ."

"ಹಾಗಾದ್ರೆ ಬೇಗ ಕೊಟ್ಟು ಬನ್ನಿ ಮಾರಾಯ್ರೆ."

ಕಮಲಾಕ್ಷ ಹೊರಟ. ನಲ್ಲಿಯ ಹತ್ತಿರ ಕೂಜಕ್ಕೆ ನೀರು ಹಿಡಿಯುತ್ತಿದ್ದ ಮುಂಡು ಉಟ್ಟ ಮುದುಕರೊಬ್ಬರು ಸಿಕ್ಕಿದರು. ಬೆರಳು ಮಡಚಿ ಎಣಿಸಲು ಎರಡೂ ಕೈ ಬೇಕಾದ್ದರಿಂದ ಬಳೆಯನ್ನು ಹೆಗಲಿಗೆ ಹಾಕಿಕೊಂಡು, ವೈಪಿ ಎಂಜಿನ್ನಿಗೆ ಮುಂದೆ ನಾಲ್ಕು, ನಡುವೆ ದೊಡ್ಡವು ಆರು, ಹಿಂದೆ ಎರಡು ಚಕ್ರ ಎಂದು ಅವರಿಗೆ ವಿವರಿಸಿದ. ಮುದುಕರು ಕೂಜ ತುಂಬುವವರೆಗೆ ಕೇಳಿ, ತುಂಬಿದ ಮೇಲೆ ನಡೆದುಬಿಟ್ಟರು. ಇವನು ವಿವರಿಸುತ್ತಲೇ ಅವರ ಬೆನ್ನು ಹಿಡಿದು ತನ್ನ ಡಬ್ಬಿಯವರೆಗೆ ಬಂದ.

ಎಂಜಿನ್ ಉದ್ದಕ್ಕೆ ಕೂಗಿತು. ಹೊರಡಲಿಲ್ಲ. ಮತ್ತೆ ಕೂಗಿತು. ಕಿಟಕಿಗಳಲ್ಲಿ ತಲೆಗಳು ಮೂಡಿದವು.

"ಯಾಕೆ ಹಾಗೆ ಕೂಗ್ತಾ ಉಂಟು?" ಚಂದ್ರಾವತಿ ಸರ್ಟಿಫಿಕೇಟುಗಳಿಂದ ತಲೆಯೆತ್ತದೆ ಕೇಳಿದಳು.

"ಹಬೆ ಸಾಲದು. ಇಲ್ಲಾಂದ್ರೆ ಚಕ್ರ ಜಾರ್ತದೆ, ಮರಳು ಹಾಕಬೇಕು. ಹೊಸ ಲೈನು ನೋಡು, ಮಣ್ಣು ಇನ್ನೂ ಕೂತಿಲ್ಲ." ಅಕ್ಕಪಕ್ಕದ ಕಿಟಕಿಗಳಿಗೂ ಕೇಳಲೆಂದು ಸ್ವರ ಎತ್ತರಿಸಿದ. ಹದಿನೈದು ನಿಮಿಷದಲ್ಲಿ ಆರು ಕಾರಣ ಕೊಟ್ಟ. ಏಳನೆಯದಕ್ಕೆ ಬಾಯಿ ತೆರೆದಾಗ ಮೈಯೆಲ್ಲ ಮಸಿಯಾದ ಡ್ರೈವರ್ ಪ್ಲಾಟ್‌ಫಾರ್ಮಿನಲ್ಲಿ ನಡೆದುಕೊಂಡು ಬಂದ. ಕಮಲಾಕ್ಷನ ಎದುರು ನಿಂತು, ಮಗುವಿನ ಅಂಗಿ ಕಳಚುವ ಹಾಗೆ ಅವನ ಹೆಗಲಿಂದ ಬಳೆ ಕಳಚಿದ.

"ಸಾರ್‌ಗೆ ಇದು ಮಾವನ ಮನೆಯಿಂದ ಬಂದದ್ದಾ?"

ಮುಂದಿನ ಸ್ಟೇಷನ್ನಿನಲ್ಲಿ ಎದುರು ಗಾಡಿಗಾಗಿ ಮುಕ್ಕಾಲು ಗಂಟೆ ನಿಲ್ಲಬೇಕಾಯಿತು. ಒಂಟಿ ಹಳಿಯಲ್ಲಿ ಸರದಿ ತಪ್ಪಿದ ಗಾಡಿಗೆ ಹಾಗಾಗುತ್ತದೆಂದು ಕಮಲಾಕ್ಷನಿಗೆ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ.

ಶ್ರೀಕಾರ್ಯಂ ತಲುಪಿದಾಗ ನಾಲ್ಕಕ್ಕೆ ಹತ್ತು ನಿಮಿಷ ಬಾಕಿ. ಶಾಲೆಯ ಗುಮಾಸ್ತರು ಫೈಲಿಗೆ ದಾರ ಸುತ್ತುತ್ತಿದ್ದರು. ಚಂದ್ರಾವತಿಯ ಮುಖ ನೋಡಿ ಸುತ್ತುವುದನ್ನು ನಿಲ್ಲಿಸಿದರು.

"ಸಂದರ್ಶನ ಮಾಡುವ ಮ್ಯಾನೇಜರು ಇನ್ನೂ ಒಳಗಿದ್ದಾರೆ. ತಡವಾದದ್ದಕ್ಕೆ ಸರಿಯಾದ ಕಾರಣ ಬರೆದುಕೊಟ್ಟರೆ ಕೇಳಿ ನೋಡಬಹುದು. ಟ್ರೈನು ಯಾಕೆ ಲೇಟಾಯಿತು?"

ಚಂದ್ರಾವತಿ ಕಾಗದವನ್ನೂ ಪೆನ್ನನ್ನೂ ಗಂಡನ ಕಡೆಗೆ ಸರಿಸಿದಳು. "ರೈಲಿನ ವಿಷಯ ಎಲ್ಲ ಇವರಿಗೆ ಗೊತ್ತುಂಟು. ಇವರನ್ನೇ ಕೇಳಿ."

ರೈಲಿನ ಬಗ್ಗೆ ಅಪರಿಚಿತರೊಬ್ಬರು ಕಮಲಾಕ್ಷನನ್ನು ತಾವಾಗಿಯೇ ಏನಾದರೂ ಕೇಳಿದ್ದು ಇದೇ ಮೊದಲು. ಉತ್ತರಕ್ಕಾಗಿ ಅವರು ಕಾದರು. ಕಮಲಾಕ್ಷ ಪೆನ್ನು ಎತ್ತಿಕೊಂಡು, ಎಡಗೈಯಿಂದ ಬಿಳಿ ಷರ್ಟಿನ ಹೆಗಲ ಮೇಲೆ ಅರ್ಧಚಂದ್ರನ ಹಾಗೆ ಮೂಡಿದ್ದ ಬಳೆಯ ಎಣ್ಣೆ ಕಲೆಯನ್ನು ಮುಚ್ಚಿಕೊಂಡ.