ಗೇಟಿನ ಮುಂದಿನ ಕುಂಬಳಕಾಯಿ

ಮನೆಯ ಗೇಟಿಗೆ ಅಂಟಿಕೊಂಡಂತೆ ಹಸಿರು ಬಣ್ಣ ಬಳಿದ ಸೈಕಲ್ ಲೇನ್ ಬಂದಾಗಿನಿಂದ ಗಂಡನ ಬಾಯಲ್ಲಿ ಒಂದೇ ಮಾತು ಕೇಳಿ ಕೇಳಿ ವನಜಾಕ್ಷಿಗೆ ರೇಜಿಗೆ ಹುಟ್ಟಿತ್ತು.

"ನಾನು ಕಾರು ರಿವರ್ಸ್ ತೆಗೆಯೋವಾಗ ಸೈಕಲ್‌ನವರು ಅಡ್ಡ ಬಂದ್ರೆ ಏನು ಗತಿ? ಪಾಪ, ಒಂದಲ್ಲ ಒಂದಿನ ಇಲ್ಲಿ ಯಾರಾದ್ರೂ ಬಿದ್ದೇ ಬೀಳ್ತಾರೆ, ನೋಡ್ತಿರು."

ಆ 'ಪಾಪ' ಅವಳಿಗೆ ಹಿಡಿಸುತ್ತಿರಲಿಲ್ಲ. ಲೇನ್ ತೆಗೆಸಿ ಎಂದು ಬೀದಿಯವರಿಂದೆಲ್ಲ ಸಹಿ ಹಾಕಿಸಿ ಪಾಲಿಕೆಗೆ ಅರ್ಜಿ ಕೊಟ್ಟವನೂ ಅವನೇ. ದಸರಾ ರಜೆ ಮುಗಿದ ಕೂಡಲೇ ಇಂಜಿನಿಯರ್ ಬಂದು ನೋಡುವುದಿತ್ತು.

ಆಯುಧಪೂಜೆಯ ಸಂಜೆ ಕಾರಿಗೆ ದೃಷ್ಟಿ ತೆಗೆದವನು, ಕುಂಕುಮ ತುಂಬಿದ ಬೂದುಗುಂಬಳಕಾಯಿಯನ್ನು ತಂದು ಲೇನಿನ ನಟ್ಟನಡುವೆ ಒಡೆದ. ತಿರುಳು, ಬೀಜ, ಕೆಂಪು ನೀರು ಎಲ್ಲ ಲೋಳೆಲೋಳೆಯಾಗಿ ಹರಡಿಕೊಂಡವು.

"ರೀ, ಅಲ್ಯಾಕೆ ಒಡೆದ್ರಿ? ಪಕ್ಕಕ್ಕಾದ್ರೂ ಸರಿಸಿ."

"ದೃಷ್ಟಿ ತೆಗೆದಿದ್ದನ್ನ ಮುಟ್ಟಬಾರದು ಕಣೆ."

ಸ್ವಲ್ಪ ಹೊತ್ತಿಗೆ, ಹೂವಿನ ವ್ಯಾಪಾರ ಮುಗಿಸಿ ಖಾಲಿ ಬುಟ್ಟಿ ಕಟ್ಟಿಕೊಂಡು ಬರುತ್ತಿದ್ದ ಮುದುಕನೊಬ್ಬ ಸೈಕಲ್ ಸಮೇತ ಅದರ ಮೇಲೆ ಜಾರಿ ಬಿದ್ದ. ಗಂಡನೇ ಓಡಿಹೋಗಿ ಎಬ್ಬಿಸಿದ, ಕುಡಿಯಲು ನೀರು ಕೊಟ್ಟ, ಮೊಣಕೈಯ ಗಾಯ ತೊಳೆದು ಕಳಿಸಿದ.

ಇವನೊಳಗೂ ಒಬ್ಬ ಮನುಷ್ಯ ಇದ್ದಾನಲ್ಲ ಎಂದುಕೊಂಡ ವನಜಾಕ್ಷಿ, ದೃಷ್ಟಿ ತಗುಲಿದರೆ ತಗುಲಲಿ ಎಂದು ಪೊರಕೆ, ಬಕೆಟ್ಟು ಹಿಡಿದು ಗೇಟು ದಾಟಿದಳು.

ಅವನು ಬಂದು ಪೊರಕೆ ಕಸಿದುಕೊಂಡ.

"ಈಗಲೇ ತೊಳೀಬೇಡ ಕಣೆ. ಇಂಜಿನಿಯರ್ ಬಂದು ಹೋಗೋವರೆಗೂ ಇರಲಿ."